ಮೇಲಿನ ಸಾಲಿಗೆ ಬರೀ ಗುಡುಗು: ಅರೀನಾ ರಾಕ್ ಕಾನ್ಸರ್ಟಿನ ಸದ್ದಿನ ಒಂದು ಪ್ರಕರಣ ಅಧ್ಯಯನ

ಹನ್ನೆರಡು ಸಾವಿರ ಜನ ಹಿಡಿಸುವ ಒಳಾಂಗಣ ಅರೀನಾ. ಕಟ್ಟಿದ್ದು ಬ್ಯಾಸ್ಕೆಟ್‌ಬಾಲ್ ಮತ್ತು ಐಸ್ ಹಾಕಿಗೆ. ಉದ್ದ 110 ಮೀಟರ್, ಅಗಲ 75, ಚಾವಣಿಯ ಎತ್ತರ ಸುಮಾರು 24. ಒಳಗಿನ ಗಾತ್ರ ಹೆಚ್ಚುಕಡಿಮೆ 2 ಲಕ್ಷ ಘನ ಮೀಟರ್. ನೆಲ ಕಾಂಕ್ರೀಟು, ಚಾವಣಿ ತಗಡು, ಬಾಕ್ಸ್ ಸೀಟುಗಳ ಮುಂದೆ ಗಾಜು. ಉದ್ದದ ಒಂದು ತುದಿಯಲ್ಲಿ ವೇದಿಕೆ, ಅದರ ಮೇಲೆ ಡ್ರಮ್ಸ್, ಬೇಸ್, ಎರಡು ಗಿಟಾರ್ ಮತ್ತು ಒಬ್ಬ ಹಾಡುಗಾರನ ಬ್ಯಾಂಡ್. ಸತತ ಎರಡು ರಾತ್ರಿಯ ಕಾರ್ಯಕ್ರಮ.

ಇದು ಹೆಸರಿರುವ ಯಾವುದೇ ಕಟ್ಟಡದ ವರದಿಯಲ್ಲ. ಇಂಥ ಕಟ್ಟಡಗಳ ಸಾಮಾನ್ಯ ಅಳತೆಗಳನ್ನು ಇಟ್ಟುಕೊಂಡು ಕಟ್ಟಿದ ಮಾದರಿ ಪ್ರಕರಣ. ಲೆಕ್ಕಗಳನ್ನು ಮಾತ್ರ ಯಾರು ಬೇಕಾದರೂ ಕೂತು ಮಾಡಿ ನೋಡಬಹುದು.

ಮೊದಲ ರಾತ್ರಿ ಮುಗಿದಾಗ ಬಂದ ದೂರುಗಳು ಮೂರು. ಪಕ್ಕದ ಮೇಲಿನ ಗ್ಯಾಲರಿಯವರಿಗೆ ಹಾಡಿನ ಒಂದು ಮಾತೂ ತಿಳಿಯಲಿಲ್ಲ, ಕೇಳಿಸಿದ್ದು ಒಂದೇ ಸಮನೆ ಗುಡುಗು. ನೆಲದ ಮೇಲೆ ನಿಂತವರಲ್ಲಿ ನಡುವಿನವರಿಗೆ ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಎದೆಗೆ ಗುದ್ದುತ್ತಿತ್ತು, ಹತ್ತು ಹೆಜ್ಜೆ ಪಕ್ಕಕ್ಕೆ ಸರಿದವರಿಗೆ ಅದು ಮಾಯ. ಹಿಂದಿನ ತುದಿಯವರಿಗೆ ಸ್ನೇರ್ ಡ್ರಮ್ಮಿನ ಪ್ರತಿ ಏಟೂ ಎರಡೆರಡು ಸಲ ಕೇಳಿಸಿತು. ಅದೇ ಹೊತ್ತಿನಲ್ಲಿ, ವೇದಿಕೆಯಿಂದ 35 ಮೀಟರ್ ದೂರದ ಮಿಕ್ಸಿಂಗ್ ಜಾಗದಲ್ಲಿ ಎಲ್ಲವೂ ಚೆನ್ನಾಗಿತ್ತು. ಸೌಂಡ್ ಇಂಜಿನಿಯರ್‌ಗೆ ತಪ್ಪು ಕಾಣದಿರಲು ಇದೇ ಕಾರಣ. ದೂರು ವಾಕಿಟಾಕಿಯಲ್ಲಿ ಬಂದಾಗ ಅವರು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ: ಒಟ್ಟು ಜೋರನ್ನು ಹೆಚ್ಚಿಸುವ ಮಾಸ್ಟರ್ ಫೇಡರ್ ಏರಿಸಿದರು. ಹಾಡುಗಾರನ ಫೇಡರ್ ಏರಿತು, ಅದಕ್ಕೆ ಸಮನಾಗಿ ಗಿಟಾರ್ ಏರಿತು, ಕೊನೆಯ ಅರ್ಧ ಗಂಟೆ ಮೀಟರ್ 104 ಡೆಸಿಬೆಲ್ ತೋರಿಸುತ್ತಿತ್ತು. ಮೇಲಿನ ಸಾಲಿನಲ್ಲಿ ಗುಡುಗು ಇನ್ನಷ್ಟು ದೊಡ್ಡದಾಯಿತು, ಅಷ್ಟೆ.

ಏರಿಸಿದರೆ ಯಾಕೆ ಸರಿಹೋಗುವುದಿಲ್ಲ ಎನ್ನುವುದು ಈ ಪ್ರಕರಣದ ತಿರುಳು. ಕೇಳುಗನ ಕಿವಿಗೆ ಎರಡು ಸದ್ದು ಬರುತ್ತವೆ: ಸ್ಪೀಕರಿನಿಂದ ನೇರವಾಗಿ ಬರುವುದು ಒಂದು, ಗೋಡೆ ಚಾವಣಿಗಳಿಗೆ ಬಡಿದು ಸುತ್ತಾಡಿ ಬರುವುದು ಇನ್ನೊಂದು. ಫೇಡರ್ ಏರಿಸಿದರೆ ಎರಡೂ ಒಂದೇ ಅಳತೆಯಲ್ಲಿ ಏರುತ್ತವೆ. ಅನುಪಾತ ಅಲ್ಲೇ ಇರುತ್ತದೆ. ಸ್ಪಷ್ಟತೆ ನಿಂತಿರುವುದು ಆ ಅನುಪಾತದ ಮೇಲೆ.

ಮರುದಿನ ಬೆಳಿಗ್ಗೆ: ಖಾಲಿ ಕಟ್ಟಡದ ಅಳತೆ

ಮೊದಲ ಕೆಲಸ ಅನುರಣನ ಕಾಲ ಅಳೆಯುವುದು, ಅಂದರೆ ಸದ್ದು ನಿಲ್ಲಿಸಿದ ಮೇಲೆ ಅದು 60 ಡೆಸಿಬೆಲ್ ಇಳಿಯಲು ಎಷ್ಟು ಹೊತ್ತು ಬೇಕು ಎಂಬುದು. ಬಲೂನು ಒಡೆದು ಅಳೆಯುವ ರೂಢಿ ಇದೆ. ಆದರೆ ಬಲೂನಿನ ಸದ್ದಿನಲ್ಲಿ ತಗ್ಗು ಆವರ್ತನ ಇರುವುದೇ ಕಡಿಮೆ, ನಮಗೆ ಬೇಕಾದ ಉತ್ತರ ಇರುವುದು ಅಲ್ಲೇ. ಹಾಗಾಗಿ ಸಬ್‌ವೂಫರ್ (ತಗ್ಗು ಸದ್ದಿಗೆಂದೇ ಇರುವ ಸ್ಪೀಕರ್, ಚಿಕ್ಕದಾಗಿ ಸಬ್) ಸೇರಿದಂತೆ ಇಡೀ ಸಿಸ್ಟಂ ಮೂಲಕ 30 ಹರ್ಟ್ಜ್‌ನಿಂದ ಮೇಲಕ್ಕೆ ನಿಧಾನವಾಗಿ ಏರುವ ಸೈನ್ ಸ್ವೀಪ್ ಹಾಕಿ, ಕನಿಷ್ಠ ಆರು ಜಾಗಗಳಲ್ಲಿ ಅಳತೆ ಮೈಕ್ ಇಟ್ಟು ನೋಡಬೇಕು. ನಮ್ಮ ಮಾದರಿ ಅರೀನಾದಲ್ಲಿ 1 ಕಿಲೋಹರ್ಟ್ಜ್‌ನಲ್ಲಿ 3 ಸೆಕೆಂಡ್, ಜನ ತುಂಬಿದ ಮೇಲೆ 2.5. ಆದರೆ 125 ಹರ್ಟ್ಜ್‌ನಲ್ಲಿ 5 ಸೆಕೆಂಡ್.

ಈ 5 ಸೆಕೆಂಡನ್ನು ಹಾಡಿನ ಲೆಕ್ಕಕ್ಕೆ ತಂದು ನೋಡಿ. 60 ಡೆಸಿಬೆಲ್ ಇಳಿಯಲು 5 ಸೆಕೆಂಡ್ ಎಂದರೆ ಸೆಕೆಂಡಿಗೆ 12 ಡೆಸಿಬೆಲ್. ನಿಮಿಷಕ್ಕೆ 120 ಬೀಟ್‌ನ ಹಾಡಿನಲ್ಲಿ ಎರಡು ಕಿಕ್ ನಡುವಿನ ಅಂತರ ಅರ್ಧ ಸೆಕೆಂಡ್. ಮುಂದಿನ ಏಟು ಬೀಳುವಾಗ ಹಿಂದಿನದರ ಬಾಲ ಇಳಿದಿರುವುದು ಬರೀ 6 ಡೆಸಿಬೆಲ್. ಬೇಸ್ ಗಿಟಾರ್ ಅದರ ಇಮ್ಮಡಿ ವೇಗದಲ್ಲಿ ಓಡುತ್ತಿದ್ದರೆ, ಒಂದು ಸ್ವರಕ್ಕೂ ಮುಂದಿನದಕ್ಕೂ ನಡುವೆ 3 ಡೆಸಿಬೆಲ್. ಹಿಂದಿನ ಸ್ವರ ಇನ್ನೂ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಹೊಸದು ಅದರ ಮೇಲೆ ಬಂದು ಕೂರುತ್ತದೆ. ನಾಲ್ಕು ಸ್ವರ ಕಳೆಯುವಷ್ಟರಲ್ಲಿ ಯಾವುದು ಯಾವುದೆಂದು ಬಿಡಿಸಲಾಗದ ಗುಂಯ್‌ಕಾರ. ಮೇಲಿನ ಸಾಲಿನವರು ಗುಡುಗು ಎಂದದ್ದು ಇದನ್ನೇ. ಇದು ಬರೀ ಬೇಸ್ ಹಾಳಾದ ಮಾತೂ ಅಲ್ಲ. ತಗ್ಗು ಸದ್ದು ಜೋರಾದಷ್ಟೂ ಕಿವಿಯೊಳಗೆ ತನಗಿಂತ ಮೇಲಿನ ಆವರ್ತನಗಳನ್ನು ಮುಚ್ಚುತ್ತದೆ. ಹಾಡುಗಾರನ ಮಾತು ತಿಳಿಯದಿರುವುದಕ್ಕೆ ಅರ್ಧ ಕಾರಣ ಬೇಸ್ ಗಿಟಾರ್.

ಜನ ತುಂಬಿದರೆ ಸರಿಹೋಗುತ್ತದೆ ಎಂಬ ಸಮಾಧಾನದ ಮಾತು ಸೌಂಡ್‌ಚೆಕ್‌ನಲ್ಲಿ ಸದಾ ಕೇಳಿಬರುತ್ತದೆ. ಅದು ಅರ್ಧ ಮಾತ್ರ ನಿಜ. ರಾಕ್ ಸಭಾಂಗಣಗಳ ಬಗ್ಗೆ ಡೆನ್ಮಾರ್ಕ್‌ನ ನೀಲ್ಸ್ ಅಡೆಲ್‌ಮನ್-ಲಾರ್ಸೆನ್ ನಡೆಸಿದ ಅಧ್ಯಯನಗಳ ಪ್ರಕಾರ, ನಿಂತ ಜನಸಮೂಹ ನಡು ಮತ್ತು ಮೇಲಿನ ಆವರ್ತನಗಳನ್ನು ಹೀರುವುದು ತಗ್ಗು ಆವರ್ತನಗಳಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಅಂದರೆ ಜನ ಬಂದಾಗ ಸಿಂಬಲ್‌ನ ಮಿಂಚು ತಗ್ಗುತ್ತದೆ, ಗುಡುಗು ಹಾಗೇ ಉಳಿಯುತ್ತದೆ. ಸಮತೋಲ ಇನ್ನೂ ಕೆಡುತ್ತದೆ.

ಪರದೆ ಇಳಿಬಿಡುವ ಸಲಹೆಯನ್ನೂ ಲೆಕ್ಕ ಹಾಕಿ ನೋಡೋಣ. ಸಬೀನ್ ಸೂತ್ರದಂತೆ ಗಾತ್ರವನ್ನು 0.161ರಿಂದ ಗುಣಿಸಿ ಅನುರಣನ ಕಾಲದಿಂದ ಭಾಗಿಸಿದರೆ ಕಟ್ಟಡದ ಒಟ್ಟು ಹೀರಿಕೆ ಸಿಗುತ್ತದೆ. 125 ಹರ್ಟ್ಜ್‌ನಲ್ಲಿ ಅದು 6,440 ಚದರ ಮೀಟರ್. 5 ಸೆಕೆಂಡನ್ನು 3.5ಕ್ಕೆ ಇಳಿಸಬೇಕೆಂದರೆ 9,200 ಆಗಬೇಕು, ಅಂದರೆ ಪೂರ್ತಿ ಹೀರುವ 2,760 ಚದರ ಮೀಟರ್ ಹೊಸದಾಗಿ ತರಬೇಕು. ಮಡಿಕೆ ಹಾಕಿ ತೂಗಿದ ಸಾಧಾರಣ ದಪ್ಪದ ಮಖಮಲ್ ಪರದೆಯ ಹೀರಿಕೆ ಗುಣಾಂಕ 125 ಹರ್ಟ್ಜ್‌ನಲ್ಲಿ 0.07, 1 ಕಿಲೋಹರ್ಟ್ಜ್‌ನಲ್ಲಿ 0.75. ಸಾವಿರ ಚದರ ಮೀಟರ್ ಪರದೆ ಕಟ್ಟಿದರೂ ತಗ್ಗಿನಲ್ಲಿ ಸಿಗುವುದು 70, ನೂರಕ್ಕೆ ಒಂದರಷ್ಟು. ಮೇಲಿನ ಆವರ್ತನಗಳಲ್ಲಿ ಮಾತ್ರ 750. ಪರದೆಗೆ ಒಂದೇ ಒಳ್ಳೆಯ ಉಪಯೋಗ ಇದೆ, ಅದು ಹಿಂದಿನ ಗೋಡೆಯ ಮೇಲೆ. ಆ ವಿಷಯ ಮುಂದೆ ಬರುತ್ತದೆ.

ಮೂರನೆಯ ಲೆಕ್ಕ ಎಲ್ಲಕ್ಕಿಂತ ಮುಖ್ಯ. ನೇರ ಸದ್ದೂ ಕಟ್ಟಡದ ಸದ್ದೂ ಸಮವಾಗುವ ದೂರವನ್ನು ನಿರ್ಣಾಯಕ ದೂರ ಎನ್ನುತ್ತಾರೆ. ಸ್ಪೀಕರಿನ ದಿಕ್ಕುಗುಣಕವನ್ನು (ಸದ್ದನ್ನು ಒಂದೇ ಕಡೆಗೆ ಎಷ್ಟು ಕೂಡಿಸಿ ಕಳಿಸುತ್ತದೆ ಎಂಬ ಅಳತೆ) ಗಾತ್ರದಿಂದ ಗುಣಿಸಿ, ಅನುರಣನ ಕಾಲದಿಂದ ಭಾಗಿಸಿ, ವರ್ಗಮೂಲ ತೆಗೆದು 0.057ರಿಂದ ಗುಣಿಸಿದರೆ ಅದು ಬರುತ್ತದೆ. ನಡು ಆವರ್ತನಗಳಲ್ಲಿ ಹ್ಯಾಂಗಿನ (ಚಾವಣಿಯಿಂದ ತೂಗುಹಾಕಿದ ಸ್ಪೀಕರ್ ಸಾಲಿನ) ದಿಕ್ಕುಗುಣಕ 20, ಅನುರಣನ 2.5 ಸೆಕೆಂಡ್ ಎಂದಿಟ್ಟುಕೊಂಡರೆ ನಿರ್ಣಾಯಕ ದೂರ 72 ಮೀಟರ್. ತಗ್ಗಿನಲ್ಲಿ ದಿಕ್ಕುಗುಣಕ 2, ಅನುರಣನ 5 ಸೆಕೆಂಡ್ ಎಂದರೆ 16 ಮೀಟರ್. ಈಗ 80 ಮೀಟರ್ ದೂರದ ಸೀಟಿನಲ್ಲಿ ಕೂತು ನೋಡಿ: ಮಾತಿನ ಆವರ್ತನಗಳಲ್ಲಿ ನೇರ ಸದ್ದು ಕಟ್ಟಡದ ಸದ್ದಿಗಿಂತ ಬರೀ 1 ಡೆಸಿಬೆಲ್ ಕೆಳಗಿದೆ, ಬೇಸ್‌ನಲ್ಲಿ 14 ಡೆಸಿಬೆಲ್ ಕೆಳಗೆ ಮುಳುಗಿಹೋಗಿದೆ. ಒಂದೇ ಸೀಟು, ಒಂದೇ ಹಾಡು. ಇನ್ನು ಪಕ್ಕದ ಗ್ಯಾಲರಿಯ ಕಡೆಗೆ ಹ್ಯಾಂಗ್ ಮುಖವನ್ನೇ ತಿರುಗಿಸಿಲ್ಲವಾದರೆ, ಅಲ್ಲಿ ಮಾತಿನ ನೇರ ಸದ್ದೂ ಇಲ್ಲ.

ಇಷ್ಟು ತಿಳಿದ ಮೇಲೆ ಎರಡನೆಯ ದಿನ ಏನು ಮಾಡಬಹುದು ಎಂಬುದು ತಾನಾಗಿಯೇ ಕಿರಿದಾಗುತ್ತದೆ. ಕಟ್ಟಡ ಬದಲಾಗದು. ಈಕ್ವಲೈಸರ್ (ಬೇರೆಬೇರೆ ಆವರ್ತನಗಳನ್ನು ಏರಿಸಿ ಇಳಿಸುವ ಸಾಧನ) ಕೂಡ ಫೇಡರಿನಂತೆಯೇ, ನೇರ ಸದ್ದನ್ನೂ ಕಟ್ಟಡದ್ದನ್ನೂ ಒಟ್ಟಿಗೆ ಇಳಿಸುತ್ತದೆ. ಅನುಪಾತ ಬದಲಿಸಲು ಕೈಯಲ್ಲಿರುವುದು ಎರಡೇ: ಸದ್ದನ್ನು ಜನರಿರುವ ಕಡೆಗಷ್ಟೇ ಕಳಿಸುವುದು, ಸ್ವರಗಳನ್ನು ಗಿಡ್ಡ ಮಾಡುವುದು.

ಹ್ಯಾಂಗಿನ ಕೋನಗಳು

1992ರಲ್ಲಿ ಎಲ್-ಅಕೌಸ್ಟಿಕ್ಸ್‌ನ ವಿ-ಡಾಸ್ಕ್ ಎಂಬ ಸ್ಪೀಕರ್ ವ್ಯವಸ್ಥೆ ಬಂದ ಮೇಲೆ ದೊಡ್ಡ ಕಾನ್ಸರ್ಟುಗಳೆಲ್ಲ ಲೈನ್ ಅರೇಗೆ ತಿರುಗಿದವು. ಒಂದರ ಕೆಳಗೊಂದು ಪೆಟ್ಟಿಗೆ ಜೋಡಿಸಿದ ಸಾಲು ತನ್ನ ಹತ್ತಿರದ ವಲಯದಲ್ಲಿ ದೂರ ಇಮ್ಮಡಿಯಾದಾಗ 6ರ ಬದಲು 3 ಡೆಸಿಬೆಲ್ ಮಾತ್ರ ಕಳೆದುಕೊಳ್ಳುತ್ತದೆ. ಆದರೆ ಆ ಹಿಡಿತ ಸಾಲಿನ ಉದ್ದಕ್ಕೆ ತಕ್ಕಂತೆ. ತರಂಗಾಂತರಕ್ಕಿಂತ ಸಾಲು ಉದ್ದವಿದ್ದರಷ್ಟೇ ಆ ಆವರ್ತನ ಅದರ ಮಾತು ಕೇಳುತ್ತದೆ. ಮೊದಲ ರಾತ್ರಿ ಮುಖ್ಯ ಹ್ಯಾಂಗ್‌ನಲ್ಲಿ ಪ್ರತಿ ಬದಿಗೆ 12 ಪೆಟ್ಟಿಗೆ ಇದ್ದವು, ಲಾರಿಯಲ್ಲಿ ಇನ್ನೂ ನಾಲ್ಕು ನಾಲ್ಕು ಉಳಿದಿದ್ದವು. ಪೆಟ್ಟಿಗೆಯ ಎತ್ತರ 35 ಸೆಂಟಿಮೀಟರ್ ಎಂದರೆ 12ಕ್ಕೆ 4.2 ಮೀಟರ್, 16ಕ್ಕೆ 5.6. ಕಾಡುತ್ತಿರುವ 125 ಹರ್ಟ್ಜ್‌ನ ತರಂಗಾಂತರ 2.7 ಮೀಟರ್. ಉದ್ದ ಹೆಚ್ಚಾದಷ್ಟೂ ಈ ಆವರ್ತನ ಚಾವಣಿಗೆ ಚೆಲ್ಲುವುದು ಕಡಿಮೆಯಾಗುತ್ತದೆ. ಜೋರಿಗಾಗಿ ಅಲ್ಲದಿದ್ದರೂ ಹಿಡಿತಕ್ಕಾಗಿ ಆ ನಾಲ್ಕನ್ನು ಸೇರಿಸಲೇಬೇಕು.

ಸೇರಿಸುವ ಮುನ್ನ ತೂಕ. ಪೆಟ್ಟಿಗೆಗೆ 80 ಕೆಜಿ ಎಂದರೆ 16ಕ್ಕೆ 1,280 ಕೆಜಿ. ಫ್ರೇಮ್, ಕೇಬಲ್, ಸರಪಳಿ ಎಲ್ಲ ಸೇರಿ ಒಂದೂವರೆ ಟನ್ ಎಂದೇ ಹಿಡಿಯಬೇಕು. ಚಾವಣಿಯ ಆ ಬಿಂದುಗಳು ಅಷ್ಟು ಹೊರುತ್ತವೆ ಎಂದು ಕಟ್ಟಡದ ರಿಗ್ಗಿಂಗ್ (ಚಾವಣಿಗೆ ತೂಗುಹಾಕುವ ಕೆಲಸದ) ಹೊಣೆ ಹೊತ್ತವರು ಬರಹದಲ್ಲಿ ಕೊಡುವವರೆಗೆ ಮೋಟಾರ್ ಗುಂಡಿ ಒತ್ತಬಾರದು. ಇದರಲ್ಲಿ ರಾಜಿ ಇಲ್ಲ.

ಮೊದಲ ರಾತ್ರಿಯ ದೊಡ್ಡ ತಪ್ಪು ಕೋನದಲ್ಲಿತ್ತು. ಮೇಲಿನ ಮೂರು ಪೆಟ್ಟಿಗೆಗಳು ಕೊನೆಯ ಸಾಲಿನ ತಲೆಗಳ ಮೇಲಿಂದ ಹಾದು ಹಿಂದಿನ ಗೋಡೆಗೆ ಗುರಿಯಿಟ್ಟಿದ್ದವು. ಸ್ನೇರ್ ಎರಡು ಸಲ ಕೇಳಿಸಿದ್ದು ಆ ಗೋಡೆಯಿಂದ. ಡ್ರಮ್ಮರ್‌ಗೂ ಅದು ಸಿಗುತ್ತಿತ್ತು: ವೇದಿಕೆಯಿಂದ ಗೋಡೆಗೆ 95 ಮೀಟರ್, ಹೋಗಿ ಬರಲು 190, ಅಂದರೆ 554 ಮಿಲಿಸೆಕೆಂಡ್. ನಿಮಿಷಕ್ಕೆ 108 ಬೀಟ್‌ನ ಹಾಡಿನಲ್ಲಿ ಇದು ಸರಿಯಾಗಿ ಒಂದು ಬೀಟ್ ತಡ, ಹಾಡು ಅದಕ್ಕಿಂತ ಚೂರು ವೇಗವಾದರೆ ತಾಳ ಹಿಂದಕ್ಕೆ ಎಳೆಯುತ್ತದೆ. ಲೇಸರ್ ದೂರಮಾಪಕ ಹಿಡಿದು ಮೊದಲ ಸಾಲು, ಕೊನೆಯ ಸಾಲು, ಗ್ಯಾಲರಿಯ ಅಂಚು ಇವುಗಳ ದೂರ ಮತ್ತು ಎತ್ತರವನ್ನು ಮತ್ತೆ ಅಳೆದು, ತಯಾರಕರ ಲೆಕ್ಕದ ಸಾಫ್ಟ್‌ವೇರ್‌ಗೆ ಹಾಕಬೇಕು. ಕಟ್ಟಡದವರು ಕೊಟ್ಟ ನಕ್ಷೆಯನ್ನು ನಂಬಿ ಕೂರುವುದು ಬೇಡ, ಮಡಚುವ ಸೀಟುಗಳ ಸಾಲು ನಕ್ಷೆಯಲ್ಲಿ ಒಂದು ಕಡೆ, ನಿಜದಲ್ಲಿ ಇನ್ನೊಂದು ಕಡೆ ಇರುತ್ತದೆ. ಹೊಸ ಲೆಕ್ಕದಲ್ಲಿ ಹ್ಯಾಂಗಿನ ಮೇಲ್ತುದಿ ನೆಲದಿಂದ 14.5 ಮೀಟರ್. ತುದಿಯ ಪೆಟ್ಟಿಗೆಯ ಗುರಿ ಕೊನೆಯ ಸಾಲಿನ ಕಿವಿಮಟ್ಟ. ಮೇಲಿನ ಪೆಟ್ಟಿಗೆಗಳ ನಡುವೆ 1 ಡಿಗ್ರಿ, ಕೆಳಗೆ ಬಂದಂತೆ 2, 3, 5, ಕೊನೆಯವಕ್ಕೆ 7. ಹಿಂದಿನ ಗೋಡೆಯ ಬರಿಯ ಭಾಗಕ್ಕೆ ದಪ್ಪ ಪರದೆ. ಸ್ನೇರ್‌ನ ಚಟ್ ಎನ್ನುವ ಭಾಗ ಮೇಲಿನ ಆವರ್ತನಗಳಲ್ಲಿದೆ, ಅದನ್ನು ಹೀರಲು ಪರದೆ ಸಾಕು.

ಪಕ್ಕದ ಹ್ಯಾಂಗ್‌ನಲ್ಲಿ ತಲಾ 8 ಪೆಟ್ಟಿಗೆ ಇದ್ದವು, ಆದರೆ ಎಲ್ಲವೂ ಕೆಳಗಿನ ಸಾಲುಗಳತ್ತ ಬಾಗಿದ್ದವು. ಮೇಲಿನ ಗ್ಯಾಲರಿಗೆ ನೇರ ಸದ್ದೇ ಇರಲಿಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಹ್ಯಾಂಗ್ ಇಳಿಸಿ, ಪಿನ್ ಬದಲಿಸಿ, ಮತ್ತೆ ಏರಿಸಲು ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಇಡೀ ದಿನದಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಮುಕ್ಕಾಲು ಗಂಟೆ ಬೇರೆ ಇಲ್ಲ.

ಹಿಂದಿನ ತುದಿಗೆ ವೇದಿಕೆಯಿಂದ 60 ಮೀಟರ್ ಮುಂದೆ ಡಿಲೇ ಹ್ಯಾಂಗ್, ಅಂದರೆ ಸದ್ದನ್ನು ತಡಮಾಡಿ ಹೊರಡಿಸುವ ಇನ್ನೊಂದು ಸಾಲು ಇದೆ. ಮುಖ್ಯ ಹ್ಯಾಂಗಿನ ಸದ್ದು ಅಲ್ಲಿಗೆ ತಲುಪಲು 20 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ 175 ಮಿಲಿಸೆಕೆಂಡ್. ಅಷ್ಟು ತಡ ಕೊಟ್ಟು, ಮೇಲೆ ಇನ್ನೊಂದು 5ರಿಂದ 10 ಸೇರಿಸಿದರೆ ಸದ್ದು ವೇದಿಕೆಯಿಂದಲೇ ಬಂದಂತೆ ಕೇಳಿಸುತ್ತದೆ, ಕಿವಿ ಮೊದಲು ಬಂದದ್ದನ್ನೇ ಮೂಲ ಎಂದು ನಂಬುವುದರಿಂದ. ಡಿಲೇ ಹ್ಯಾಂಗಿಗೆ 200 ಹರ್ಟ್ಜ್ ಕೆಳಗಿನದನ್ನು ಕೊಡುವುದೇ ಬೇಡ. ಅಲ್ಲಿ ಕೊರತೆ ಇರುವುದು ಮಾತಿಗೆ, ಗುಡುಗಿಗಲ್ಲ. ಇನ್ನೊಂದು ಸೂಕ್ಷ್ಮ ಇದೆ. ಮಧ್ಯಾಹ್ನ ಖಾಲಿ ಹಾಲ್ 18 ಡಿಗ್ರಿ, ರಾತ್ರಿ ಜನ ತುಂಬಿದಾಗ 26. ಶಬ್ದದ ವೇಗ ಸೆಕೆಂಡಿಗೆ 342ರಿಂದ 347 ಮೀಟರ್‌ಗೆ ಏರುತ್ತದೆ. 60 ಮೀಟರ್‌ನಲ್ಲಿ ಎರಡೂವರೆ ಮಿಲಿಸೆಕೆಂಡ್ ವ್ಯತ್ಯಾಸ. ಮಧ್ಯಾಹ್ನ ನಿಖರವಾಗಿ ಹೊಂದಿಸಿದ್ದು ರಾತ್ರಿ ಸರಿದಿರುತ್ತದೆ, ಆದ್ದರಿಂದ ಡಿಲೇ ಹ್ಯಾಂಗಿನ ಎತ್ತರದಲ್ಲಿ ಒಂದು ತಾಪಮಾಪಕ ಕಟ್ಟಿ, ಮೊದಲ ಹಾಡಿಗೆ ಮುಂಚೆ ಒಮ್ಮೆ ಸಂಖ್ಯೆ ತಿದ್ದಬೇಕು. ಗಾಳಿಯ ತೇವವೂ ಲೆಕ್ಕಕ್ಕಿದೆ: 15 ಡಿಗ್ರಿಯಲ್ಲಿ 8 ಕಿಲೋಹರ್ಟ್ಜ್‌ನ ಸದ್ದು 70 ಮೀಟರ್ ಸಾಗುವಾಗ ಶೇ 80 ತೇವದಲ್ಲಿ ಸುಮಾರು 6 ಡೆಸಿಬೆಲ್ ಕಳೆದುಕೊಂಡರೆ, ಶೇ 20ರ ಒಣ ಗಾಳಿಯಲ್ಲಿ 14.

ಸಬ್‌ಗಳನ್ನು ಸರಿಸುವುದು

ಮೊದಲ ರಾತ್ರಿ ವೇದಿಕೆಯ ಎಡಕ್ಕೆ 9, ಬಲಕ್ಕೆ 9 ಸಬ್‌ವೂಫರ್ ಪೇರಿಸಿದ್ದರು, ನಡುವೆ 18 ಮೀಟರ್. ನೋಡಲು ಅಚ್ಚುಕಟ್ಟು, ಕೇಳಲು ಅನ್ಯಾಯ. 60 ಹರ್ಟ್ಜ್‌ನ ತರಂಗಾಂತರ 5.7 ಮೀಟರ್. ನಡುಗೆರೆಯಲ್ಲಿ ಎರಡು ರಾಶಿಗಳೂ ಸಮದೂರ, ಅಲ್ಲಿ ಸದ್ದು ಕೂಡುತ್ತದೆ. ಪಕ್ಕಕ್ಕೆ ಸರಿದಂತೆ ಒಂದು ಹತ್ತಿರ, ಇನ್ನೊಂದು ದೂರ. ಆ ವ್ಯತ್ಯಾಸ ಅರ್ಧ ತರಂಗ, ಅಂದರೆ 2.85 ಮೀಟರ್ ಆದಾಗ ಒಂದು ತಳ್ಳುವ ಹೊತ್ತಿಗೆ ಇನ್ನೊಂದು ಎಳೆದು, ಎರಡೂ ಅಳಿಸಿಹೋಗುತ್ತವೆ. ಲೆಕ್ಕ ಹಾಕಿದರೆ ಇದು ಸುಮಾರು 9 ಡಿಗ್ರಿಯಲ್ಲಿ, 40 ಮೀಟರ್ ದೂರದಲ್ಲಿ ನಿಂತವನಿಗೆ ನಡುಗೆರೆಯಿಂದ ಆರೂವರೆ ಮೀಟರ್ ಪಕ್ಕಕ್ಕೆ. 13 ಮೀಟರ್‌ನಲ್ಲಿ ಮತ್ತೆ ಕೂಡಿಕೆ. ಮಿಕ್ಸಿಂಗ್ ಜಾಗ ಇರುವುದು ನಡುಗೆರೆಯ ಮೇಲೆಯೇ, ಹಾಗಾಗಿ ಅಲ್ಲಿ ಕೂತವರಿಗೆ ಹಾಲ್‌ನಲ್ಲೇ ಅತಿ ಹೆಚ್ಚು ಕಿಕ್ ಸಿಗುತ್ತದೆ. ಸಾಕಷ್ಟಿದೆ ಎಂದುಕೊಂಡು ಅವರು ಇಳಿಸಿದರೆ ಪಕ್ಕದವರಿಗೆ ಇನ್ನೂ ಇಲ್ಲ.

ಹೊಸ ಪೆಟ್ಟಿಗೆ ತರಿಸಬೇಕಿಲ್ಲ, ಅದೇ 18 ಸಾಕು. ವೇದಿಕೆಯ ಮುಂದೆ, ಬ್ಯಾರಿಕೇಡ್ ಒಳಗೆ, ಎರಡೆರಡು ಮೀಟರ್ ಅಂತರದಲ್ಲಿ 9 ಜಾಗ ಗುರುತಿಸಿ, ಪ್ರತಿ ಜಾಗದಲ್ಲಿ ಎರಡು ಪೆಟ್ಟಿಗೆ ಇಡುವುದು. ಎರಡು ಮೀಟರ್ ಯಾಕೆಂದರೆ, ಸಬ್‌ಗಳು ಕೆಲಸ ಮಾಡುವ ಮೇಲಿನ ಮಿತಿ 80 ಹರ್ಟ್ಜ್‌ನ ಅರ್ಧ ತರಂಗ 2.14 ಮೀಟರ್. ಅದಕ್ಕಿಂತ ದೂರವಿಟ್ಟರೆ ಸಾಲು ಒಂದಾಗಿ ವರ್ತಿಸುವುದಿಲ್ಲ. 16 ಮೀಟರ್ ಉದ್ದದ ನೇರ ಸಾಲು ತಾನಾಗಿ ಕಿರಿದಾದ ಕಿರಣ ಕಳಿಸುತ್ತದೆ, ಅದನ್ನು 90 ಡಿಗ್ರಿಗೆ ಹರಡಲು ತುದಿಗಳತ್ತ ಹೋದಂತೆ ತಡ ಹೆಚ್ಚಿಸಬೇಕು. 11.3 ಮೀಟರ್ ತ್ರಿಜ್ಯದ ಕಮಾನಿನ ಮೇಲೆ ಅವು ಕೂತಿವೆ ಎಂದು ಊಹಿಸಿದರೆ ತಡಗಳು ಹೀಗೆ: ನಡುವಿನದಕ್ಕೆ 0, ಅದರ ಎರಡೂ ಪಕ್ಕದವಕ್ಕೆ 0.5 ಮಿಲಿಸೆಕೆಂಡ್, ಮುಂದಿನವಕ್ಕೆ 2.1, ಆಮೇಲೆ 5.0, ತುದಿಯವಕ್ಕೆ 9.7. ಇದಕ್ಕೆ ಆಂಪ್ಲಿಫೈಯರ್‌ನಲ್ಲಿ ಐದು ಪ್ರತ್ಯೇಕ ಔಟ್‌ಪುಟ್ ಬೇಕು, ಬಲಬದಿಯದು ಎಡಬದಿಯ ಪಡಿಯಚ್ಚು. ತಂತಿ ಜೋಡಿಸುವಾಗ ಒಂದು ಪೆಟ್ಟಿಗೆ ಅದಲುಬದಲಾದರೂ ಇಡೀ ಸಾಲು ಕುಂಟುತ್ತದೆ, ಹಾಗಾಗಿ ಒಂದೊಂದನ್ನೇ ತೆರೆದು, ಕೈ ಮುಂದಿಟ್ಟು ಗಾಳಿ ತಗುಲುತ್ತಿದೆಯೇ ಎಂದು ನೋಡಿಯೇ ಮುಂದಕ್ಕೆ ಹೋಗಬೇಕು.

ಪ್ರತಿ ಜಾಗದ ಎರಡು ಪೆಟ್ಟಿಗೆಗಳನ್ನು ಒಂದರ ಹಿಂದೊಂದು ಇಡುವುದು, ನಡುಬಿಂದುಗಳ ಅಂತರ 1.07 ಮೀಟರ್. ಹಿಂದಿನದಕ್ಕೆ ಪೊಲಾರಿಟಿ ತಿರುಗಿಸಿ (ಮುಂದಿನದು ತಳ್ಳುವಲ್ಲಿ ಇದು ಎಳೆಯುವಂತೆ) 3.1 ಮಿಲಿಸೆಕೆಂಡ್ ತಡ, ಹಾಗಾಗಿ ಹಿಂದಿನವಕ್ಕೆ ಇನ್ನೂ ಐದು ಔಟ್‌ಪುಟ್ ಬೇಕು. ಮುಂದಿನ ಪೆಟ್ಟಿಗೆಯ ಸದ್ದು ವೇದಿಕೆಯತ್ತ 1.07 ಮೀಟರ್ ಸಾಗಲು ಅಷ್ಟೇ ಹೊತ್ತು ಬೇಕು, ಅಲ್ಲಿ ತಿರುಗಿದ ಸದ್ದಿನೊಂದಿಗೆ ಸೇರಿ ರದ್ದಾಗುತ್ತದೆ. ಜನರ ಕಡೆಗೆ 80 ಹರ್ಟ್ಜ್‌ನಲ್ಲಿ ಎರಡೂ ಪೂರ್ತಿ ಕೂಡುತ್ತವೆ. ಬೆಲೆ ತೆರಬೇಕಾದ್ದು ತಳದಲ್ಲಿ: 40 ಹರ್ಟ್ಜ್‌ನಲ್ಲಿ 3 ಡೆಸಿಬೆಲ್ ನಷ್ಟ. ಗೂಡಿನಂಥ ವೇದಿಕೆಯೊಳಗೆ ಸುತ್ತಿ ಡ್ರಮ್ ಮೈಕುಗಳಿಗೆ ಮತ್ತೆ ನುಗ್ಗುವ ಬೇಸ್ ನಿಲ್ಲುತ್ತದೆ ಎಂದರೆ ಆ 3 ಡೆಸಿಬೆಲ್ ದುಬಾರಿಯಲ್ಲ.

ಕೊನೆಗೆ ಸಬ್ ಮತ್ತು ಹ್ಯಾಂಗಿನ ಹೊಂದಾಣಿಕೆ. 30 ಮೀಟರ್ ದೂರದಲ್ಲಿ ನಡುಗೆರೆಯಲ್ಲಿ ನಿಂತವನಿಗೆ ಸಬ್ 30 ಮೀಟರ್, ಆದರೆ 9 ಮೀಟರ್ ಪಕ್ಕಕ್ಕೂ ಕಿವಿಗಿಂತ 10 ಮೀಟರ್ ಮೇಲಕ್ಕೂ ಇರುವ ಹ್ಯಾಂಗ್ 32.9 ಮೀಟರ್. ಸಬ್‌ಗಳಿಗೆಲ್ಲ 8.4 ಮಿಲಿಸೆಕೆಂಡ್ ಹೆಚ್ಚುವರಿ ತಡ. ಇದು ಆರಂಭದ ಸಂಖ್ಯೆ ಮಾತ್ರ, ಎರಡರ ಫೇಸ್ ಗೆರೆಗಳನ್ನು (ತರಂಗ ಯಾವ ಹಂತದಲ್ಲಿದೆ ಎಂದು ತೋರಿಸುವವು) ಅಳತೆ ಪರದೆಯ ಮೇಲೆ ಒಂದರ ಮೇಲೊಂದು ಹಾಕಿ 80 ಹರ್ಟ್ಜ್ ಸುತ್ತ ಕೂಡಿಸಿಯೇ ಮುಗಿಸಬೇಕು.

ಇಷ್ಟೆಲ್ಲ ಮಾಡಿ ಗಳಿಸಿದ್ದೆಷ್ಟು? ದಿಕ್ಕುಗುಣಕ 2ರಿಂದ 4ಕ್ಕೆ ಏರಿತು ಎಂದಿಟ್ಟುಕೊಂಡರೆ ನಿರ್ಣಾಯಕ ದೂರ 16ರಿಂದ 23 ಮೀಟರ್, ಅನುಪಾತದಲ್ಲಿ 3 ಡೆಸಿಬೆಲ್. ಮುಳುಗಿದ್ದು 14, ಮೇಲೆ ಬಂದಿದ್ದು 3. ಸದ್ದಿನ ಕೆಲಸದಲ್ಲಿ ಒಂದೇ ಮದ್ದಿನಿಂದ ಸಿಗುವುದು ಇಷ್ಟೇ. ಉಳಿದದ್ದನ್ನು ವೇದಿಕೆಯ ಮೇಲೆ ಹುಡುಕಬೇಕು.

ವೇದಿಕೆ ಮತ್ತು ಮಿಕ್ಸ್

ಸ್ವರ ಗಿಡ್ಡವಾದರೆ ಕಟ್ಟಡಕ್ಕೆ ಹೋಗುವ ಒಟ್ಟು ಶಕ್ತಿ ಕಡಿಮೆ, ಏಟಿನ ಮೊನೆ ಅಷ್ಟೇ ಚೂಪು. ಕಿಕ್ ಡ್ರಮ್ಮಿನೊಳಗೆ ಎರಡೂ ಚರ್ಮಕ್ಕೆ ತಾಗುವಂತೆ ದಿಂಬು, ಗೇಟ್ (ಏಟು ಇಳಿದೊಡನೆ ಮೈಕಿನ ಸದ್ದನ್ನು ಕತ್ತರಿಸುವ ಸಾಧನ) ಮುಚ್ಚುವ ಸಮಯ 100 ಮಿಲಿಸೆಕೆಂಡ್ ಸುತ್ತ. ಫ್ಲೋರ್ ಟಾಮ್‌ಗೂ ಗೇಟ್, ಇಲ್ಲವಾದರೆ ಕಿಕ್ ಬಿದ್ದಾಗಲೆಲ್ಲ ಅದೂ ಮಿಡಿದು ಗುನುಗುತ್ತದೆ. ಬೇಸ್ ವಾದಕರಿಗೆ ಅಂಗೈಯಿಂದ ತಂತಿ ಅದುಮಿ ನುಡಿಸಲು ಹೇಳಿ ನೋಡಿ. ಒಪ್ಪಿದರೆ ಅದು ಯಾವ ಯಂತ್ರವೂ ಕೊಡದ ಸಹಾಯ.

ಸಬ್‌ಗಳಿಗೆ ಪ್ರತ್ಯೇಕ ಆಕ್ಸ್ ಸೆಂಡ್ (ಮಿಕ್ಸರಿನಿಂದ ಬೇರೆಯೇ ಆದ ದಾರಿ): ಕಿಕ್, ಬೇಸ್, ಫ್ಲೋರ್ ಟಾಮ್, ಇವಿಷ್ಟೇ. ಮೊದಲ ರಾತ್ರಿ ಹಾಡುಗಾರನ ಮೈಕ್ ಕೂಡ ಸಬ್‌ಗೆ ಹೋಗುತ್ತಿತ್ತು, ಮೈಕ್ ಹಿಡಿದ ಕೈಯ ಗುಡುಗುಡು, ವೇದಿಕೆಯ ಹಲಗೆಯ ನಡುಕ ಎಲ್ಲ ಸೇರಿ. ಮಾತಿಗೆ 130 ಹರ್ಟ್ಜ್‌ನಲ್ಲಿ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್), ಗಿಟಾರ್‌ಗಳಿಗೆ 110, ಸಿಂಬಲ್ ಮೈಕುಗಳಿಗೆ 300. ಬೇಸ್ ಗಿಟಾರ್‌ನಲ್ಲಿ 100ರಿಂದ 160 ಹರ್ಟ್ಜ್ ನಡುವೆ ಅಗಲವಾಗಿ 4ರಿಂದ 5 ಡೆಸಿಬೆಲ್ ಕಡಿತ, ಬದಲಿಗೆ 700 ಹರ್ಟ್ಜ್ ಸುತ್ತ ಒಂದಿಷ್ಟು ಏರಿಕೆ. ಅನುಪಾತ ಇದರಿಂದ ಬದಲಾಗುವುದಿಲ್ಲ ಎಂದು ಮೇಲೆ ಹೇಳಿದ್ದು ನಿಜ. ಆದರೆ ಕಟ್ಟಡ ಅತಿ ಹೆಚ್ಚು ಹಿಡಿದಿಟ್ಟುಕೊಳ್ಳುವ ಪಟ್ಟಿಗೆ ಮೇವು ಕಡಿಮೆಯಾಗಿ, ಮಾತಿನ ಮೇಲಿನ ಮುಸುಕು ಸರಿಯುತ್ತದೆ. ದೂರದ ಸೀಟಿನಲ್ಲಿ ಬೇಸ್‌ನ ಸ್ವರ ಗುರುತಿಗೆ ಸಿಗುವುದು ಬೆರಳು ತಂತಿಗೆ ತಾಗುವ ಆ 700ರ ಸದ್ದಿನಿಂದ. ಹೆಡ್‌ಫೋನಿನಲ್ಲಿ ಕೇಳಿದರೆ ಈ ಬೇಸ್ ಬಡಕಲು ಎನಿಸುತ್ತದೆ. ಹಾಲ್ ಅದಕ್ಕೆ ಮೈ ತುಂಬಿಸಿಕೊಡುತ್ತದೆ.

ಮಾತು ಕಳೆದುಹೋಗಲು ಇನ್ನೊಂದು ದಾರಿ ಹಾಡುಗಾರನ ಮೈಕ್. ಡ್ರಮ್ಮಿನ ಮುಂದೆ ನಿಂತು ಹಾಡುವವನ ಮೈಕಿಗೆ ಸಿಂಬಲ್ ಧಾರಾಳವಾಗಿ ಬೀಳುತ್ತದೆ. 1974ರಲ್ಲಿ ಗ್ರೇಟ್‌ಫುಲ್ ಡೆಡ್ ಬ್ಯಾಂಡ್ ತನ್ನ ಬೆನ್ನ ಹಿಂದೆಯೇ ಸ್ಪೀಕರುಗಳ ದೊಡ್ಡ ಗೋಡೆ ನಿಲ್ಲಿಸಿ ನುಡಿಸಿದಾಗ ಇದೇ ತೊಂದರೆ ಹತ್ತು ಪಟ್ಟಾಗಿತ್ತು. ಆಗ ಅವರು ಹಾಡುಗಾರನಿಗೆ 60 ಮಿಲಿಮೀಟರ್ ಅಂತರದ ಎರಡು ಮೈಕ್‌ಗಳನ್ನು ಒಂದಕ್ಕೊಂದು ತಿರುಗಿದ ಪೊಲಾರಿಟಿಯಲ್ಲಿ ಜೋಡಿಸಿದರು. ಹಾಡುವುದು ಒಂದಕ್ಕೆ ಮಾತ್ರ, ಹಿಂದಿನ ಸದ್ದು ಎರಡಕ್ಕೂ ಸಮವಾಗಿ ಬಿದ್ದು ರದ್ದು. ಈಗ ಆ ಕಷ್ಟ ಬೇಕಿಲ್ಲ. ಇನ್-ಇಯರ್ ಮಾನಿಟರ್ (ವಾದಕರು ತಮ್ಮ ಸದ್ದು ಕೇಳಲು ಕಿವಿಯೊಳಗೆ ಇಟ್ಟುಕೊಳ್ಳುವುದು) ಹಾಕಿದರೆ ನೆಲದ ಮಾನಿಟರ್‌ಗಳನ್ನು ಮುಚ್ಚಬಹುದು, ಗಿಟಾರ್ ಕ್ಯಾಬಿನೆಟ್‌ಗಳನ್ನು ಜನರ ಕಡೆಯಿಂದ ಪಕ್ಕಕ್ಕೆ ತಿರುಗಿಸಬಹುದು. ಆದರೆ ಹಾಡುಗಾರ ಅಂಗೈಯಲ್ಲಿ ಮೈಕಿನ ಜಾಲರಿಯನ್ನು ಮುಚ್ಚಿ ಹಿಡಿದರೆ ಎಲ್ಲವೂ ನೀರಲ್ಲಿ ಹೋಮ. ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕಿಗೆ ದಿಕ್ಕು ಗೊತ್ತಾಗುವುದು ಜಾಲರಿಯ ಹಿಂಬದಿಯ ರಂಧ್ರಗಳಿಂದ. ಅವು ಮುಚ್ಚಿದೊಡನೆ ಅದು ಸುತ್ತಲಿನದೆಲ್ಲವನ್ನೂ ಕೇಳತೊಡಗುತ್ತದೆ, ಧ್ವನಿ ಡಬ್ಬದೊಳಗಿಂದ ಬಂದಂತಾಗುತ್ತದೆ. ಸೌಂಡ್‌ಚೆಕ್‌ನಲ್ಲಿ ಹಾಡುಗಾರನನ್ನು ಕರೆದು, ಎರಡೂ ಬಗೆಯಲ್ಲಿ ಹಿಡಿಸಿ, ರೆಕಾರ್ಡ್ ಮಾಡಿ ಕೇಳಿಸಿದರೆ ವಾದಕ್ಕೆ ಎಡೆ ಇರುವುದಿಲ್ಲ.

ಎರಡನೆಯ ರಾತ್ರಿ

ಮಟ್ಟದ ಮಿತಿ 15 ನಿಮಿಷದ ಸರಾಸರಿಯಲ್ಲಿ 100 ಡೆಸಿಬೆಲ್ ಎ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಹಾಕಿಕೊಟ್ಟ ಗರಿಷ್ಠವೂ ಇದೇ. ಮೊದಲ ಹಾಡನ್ನು 96ರಲ್ಲಿ ಆರಂಭಿಸಿದರೆ ಕೊನೆಯ ಹಾಡಿಗೆ ಏರಲು ಜಾಗ ಉಳಿಯುತ್ತದೆ. ಎ ಮಾಪನ 125 ಹರ್ಟ್ಜ್ ಅನ್ನು 16 ಡೆಸಿಬೆಲ್, 63 ಹರ್ಟ್ಜ್ ಅನ್ನು 26 ಡೆಸಿಬೆಲ್ ಕಡಿಮೆ ಎಣಿಸುತ್ತದೆ ಎಂಬುದನ್ನು ಮರೆಯಬಾರದು. ಆ ಮೀಟರ್ ಒಂದನ್ನೇ ನೋಡುತ್ತಿದ್ದರೆ ಬೇಸ್ ಎಷ್ಟು ಏರಿದರೂ ಕಾಣುವುದಿಲ್ಲ. ಪಕ್ಕದಲ್ಲೇ, ತಗ್ಗು ಸದ್ದನ್ನೂ ಹೆಚ್ಚುಕಡಿಮೆ ಪೂರ್ತಿ ಎಣಿಸುವ ಸಿ ಮಾಪನವನ್ನೂ ತೆರೆದಿಟ್ಟು, ಎರಡರ ವ್ಯತ್ಯಾಸ ಸಂಜೆಯಿಡೀ ಒಂದೇ ಕಡೆ ನಿಂತಿದೆಯೇ ಎಂದು ನೋಡುತ್ತಿರಬೇಕು. ಅದು ಹಿಗ್ಗುತ್ತಿದೆ ಎಂದರೆ ದಣಿದ ಕಿವಿ ಬೇಸ್ ಕೇಳುತ್ತಿದೆ ಎಂದರ್ಥ.

ಎರಡನೆಯ ಇಂಜಿನಿಯರ್ ಟ್ಯಾಬ್ಲೆಟ್ ಹಿಡಿದು ಮೊದಲ ಮೂರು ಹಾಡುಗಳಲ್ಲಿ ಐದು ಜಾಗ ಸುತ್ತಬೇಕು: ನೆಲದ ಮೇಲೆ ನಡುಗೆರೆಯಿಂದ ಆರೂವರೆ ಮೀಟರ್ ಪಕ್ಕ, ಎರಡೂ ಮೇಲಿನ ಗ್ಯಾಲರಿ, ಡಿಲೇ ಹ್ಯಾಂಗಿನ ಕೆಳಗೆ, ಕೊನೆಯ ಸಾಲು. ಹುಡುಕಬೇಕಾದ್ದು ಒಂದೇ: ಈಗ ಹಾಡುತ್ತಿರುವ ಸಾಲಿನ ಮಾತು, ಹಾಡು ಮೊದಲೇ ಗೊತ್ತಿಲ್ಲದವನಿಗೆ ತಿಳಿಯುತ್ತದೆಯೇ? ಹಾಡು ಬಾಯಿಪಾಠ ಇರುವವರ ಕಿವಿಯನ್ನು ಇದಕ್ಕೆ ನಂಬುವಂತಿಲ್ಲ, ಮಿದುಳು ಬಿಟ್ಟ ಸ್ಥಳವನ್ನೆಲ್ಲ ತಾನೇ ತುಂಬಿಕೊಳ್ಳುತ್ತದೆ.

ಇಂಥ ಬದಲಾವಣೆಗಳಿಂದ ಪಕ್ಕದ ಗ್ಯಾಲರಿಗೆ ಮಾತು ಬರುತ್ತದೆ, ನೆಲದ ಮೇಲೆ ಕಿಕ್ ಮಾಯವಾಗುವ ಗುಂಡಿಗಳು ಮುಚ್ಚುತ್ತವೆ, ಹಿಂದಿನ ಗೋಡೆಯ ಎರಡನೆಯ ಸ್ನೇರ್ ಅಡಗುತ್ತದೆ. ಬರದಿರುವುದೂ ಇದೆ. ನಿಮಿಷಕ್ಕೆ 160 ಬೀಟ್‌ನ ಹಾಡಿನಲ್ಲಿ ಬೇಸ್‌ನ ಎರಡು ಸ್ವರಗಳ ನಡುವೆ 0.19 ಸೆಕೆಂಡ್, ಅಷ್ಟರಲ್ಲಿ ಬಾಲ ಇಳಿಯುವುದು ಎರಡೂಕಾಲು ಡೆಸಿಬೆಲ್. ಆ ಹಾಡು ಈ ಕಟ್ಟಡದ ಮೇಲಿನ ಸಾಲುಗಳಲ್ಲಿ ಎಂದೂ ಬಿಡಿಬಿಡಿಯಾಗಿ ಕೇಳಿಸದು. ಹಾಡುಗಳ ಪಟ್ಟಿ ಮಾಡುವಾಗಲೇ ಬ್ಯಾಂಡಿಗೆ ಇದನ್ನು ಹೇಳಿದರೆ ಅಲ್ಲಿ ಬೇಸ್ ಸ್ವರಗಳನ್ನು ವಿರಳ ಮಾಡಲು ಅವರಿಗೂ ಅವಕಾಶ.

ಇನ್ನುಳಿದದ್ದು ವೇದಿಕೆಯ ಎರಡು ಬದಿಯ ಕೊನೆಯ ಮೂಲೆಗಳು. ದೊಡ್ಡ ಎಲ್‌ಇಡಿ ಪರದೆ ಅಡ್ಡ ಬಂದು ಅಲ್ಲಿಗೆ ಪಕ್ಕದ ಹ್ಯಾಂಗ್ ಕಾಣುವುದೇ ಇಲ್ಲ. ಕಣ್ಣಿಗೆ ಕಾಣದ ಸ್ಪೀಕರಿನ ಮೇಲಿನ ಆವರ್ತನಗಳು ಕಿವಿಗೂ ಬರುವುದಿಲ್ಲ. ಮೂಲೆಗೆ ಎರಡರಂತೆ ಸಣ್ಣ ಪೆಟ್ಟಿಗೆ ಕಟ್ಟಿ, ಪಕ್ಕದ ಹ್ಯಾಂಗಿಗೆ ಸಮಯ ಹೊಂದಿಸಿದರೆ ಆ ಸೀಟುಗಳು ಉಳಿಯುತ್ತವೆ. ಕಟ್ಟಲು ಬಿಂದು ಸಿಗದಿದ್ದರೆ ಆ ಸೀಟುಗಳ ಸಂಖ್ಯೆ ಬರೆದು ಟಿಕೆಟ್ ವಿಭಾಗಕ್ಕೆ ಕೊಡಬೇಕು, ಮುಂದಿನ ಕಾರ್ಯಕ್ರಮಕ್ಕೆ ಅವು ಮಾರಾಟಕ್ಕೆ ಇರಬಾರದು.